"ನಿಂದ್ರು" ಅನ್ನೋ ಮಾತು ಮಗಳ ಬಾಯಲ್ಲಿರಲಿ

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಎರಡೂ ಕಾಲು ಬಿಗಿ. ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾಳೆ. ಮಾತು ತಡವರಿಸುತ್ತೆ, ಬುದ್ಧಿ ಚುರುಕು. ನಾವಿರುವುದು ಹಾವೇರಿ ಹತ್ತಿರ. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬರು ನಮ್ಮೂರಲ್ಲಿ ಒಂದು ಚಿಕ್ಕ ತಟ್ಟು ಸಾಕಿದ್ದಾರೆ. ದೀಪಾವಳಿ ರಜೆಯಲ್ಲಿ ಮಗಳನ್ನು ಅದರ ಮೇಲೆ ಕೂರಿಸಿದೆವು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡೇ ಇರಲಿಲ್ಲ. ಎರಡನೇ ಸಲ ಹಿಂದಿನಿಂದ ಬೈಕ್ ಹಾರ್ನ್ ಹೊಡೆದು ಕುದುರೆ ಪಕ್ಕಕ್ಕೆ ಹಾರಿತು. ಹಿಂದೆ ಕೂತಿದ್ದ ಅವರಪ್ಪ ಹಿಡಿದುಕೊಂಡರು, ಬೀಳಲಿಲ್ಲ. ಆವತ್ತಿನಿಂದ ಹತ್ತಲು ಒಲ್ಲೆ ಅಂತಾಳೆ. ಆದರೆ ದಿನಾ ಸಂಜೆ ಕುದುರೆ ನೋಡೋಕೆ ಹೋಗೋಣ ಅಂತ ಹಟ. ಅತ್ತೆಯವರು ಇದೆಲ್ಲ ಬೇಡ ಅಂತಾರೆ. ಸವಾರಿ ಮಾಡಿದರೆ ಕಾಲು ಸರಿ ಹೋಗುತ್ತಾ? ಹೆದರಿಕೆ ಬಿಡಿಸೋದು ಹೇಗೆ?

ಉತ್ತರ: ನಿಮ್ಮ ಮಗಳಿಗೆ ಕುದುರೆ ಕಂಡರೆ ಹೆದರಿಕೆ ಅಂತ ನನಗೆ ಅನ್ನಿಸುವುದಿಲ್ಲ. ಹಾಗಿದ್ದರೆ ದಿನಾ ಸಂಜೆ ಹಟ ಹಿಡಿಯುತ್ತಿರಲಿಲ್ಲ. ಹತ್ತಿದ ಮೇಲೆ ಏನು ನಡೆದರೂ ತನ್ನ ಕೈಲಿಲ್ಲ ಅನ್ನೋದು ಅವಳಿಗೆ ಗೊತ್ತಾಗಿದೆ. ಅದು ಹೆದರಿಕೆಗಿಂತ ತಿಳಿವಳಿಕೆ. ಇವಳನ್ನು ಹುಟ್ಟಿದಾಗಿನಿಂದ ಬೇರೆಯವರೇ ಎತ್ತುತ್ತಾರೆ, ಇಳಿಸುತ್ತಾರೆ, ತಿರುಗಿಸುತ್ತಾರೆ. ನಮ್ಮಂಥ ಫಿಸಿಯೋಥೆರಪಿಯವರೂ ಅದನ್ನೇ ಮಾಡುತ್ತೇವೆ. ಈಗ ಕುದುರೆಯೂ ಆ ಸಾಲಿಗೆ ಸೇರಿತು, ಅಷ್ಟೇ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮಜ್ಜ ಹುಬ್ಬಳ್ಳಿಯಲ್ಲಿ ಟಾಂಗಾ ಹೊಡೆಯುತ್ತಿದ್ದ. ಲಾಯದ ವಾಸನೆಯಲ್ಲೇ ಬೆಳೆದವಳು ನಾನು. ಆಮೇಲೆ ಧಾರವಾಡದಲ್ಲಿ ಮಕ್ಕಳ ಫಿಸಿಯೋಥೆರಪಿ ಶುರು ಮಾಡಿದೆ. ಹಾಗಾಗಿ ಕುದುರೆ, ಮಕ್ಕಳು ಎರಡರ ಮೊಂಡುತನವೂ ಸ್ವಲ್ಪ ಗೊತ್ತು.

ಮೊದಲು ಕಾಲಿನ ವಿಷಯ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ಸವಾರಿಯಿಂದ ಅದು ಗುಣವಾಗುವುದಿಲ್ಲ. ಗುಣವಾಗುತ್ತದೆ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ. ಹಾಗಂತ ಉಪಯೋಗವೇ ಇಲ್ಲ ಅಂತಲೂ ಅಲ್ಲ. ಕುದುರೆ ನಿಧಾನ ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಅಕ್ಕಪಕ್ಕ, ಮೂರೂ ಕಡೆ ಆಡುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೆಚ್ಚುಕಡಿಮೆ ಹಾಗೇ. ಸರಿಯಾಗಿ ನಡೆದೇ ಇರದ ಮಗುವಿಗೆ ಆ ಲಯ ಬೇರೆ ಎಲ್ಲಿ ಸಿಗಬೇಕು? ಜೊತೆಗೆ ಕುದುರೆಯ ಮೈ ನಮ್ಮದಕ್ಕಿಂತ ಕೊಂಚ ಬೆಚ್ಚಗೆ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಬಿಸುಪಿನ ಮೇಲೆ ಕಾಲು ಅಗಲಿಸಿ ಕೂತರೆ ತೊಡೆಯ ಒಳಗಿನ ಬಿಗಿ ಸ್ನಾಯು ಮೆಲ್ಲಗೆ ಸಡಿಲಾಗುತ್ತದೆ. ಕತ್ತರಿಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿದ್ದ ಕಾಲು ಹತ್ತು ನಿಮಿಷದಲ್ಲಿ ಬಿಟ್ಟುಕೊಂಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಳಿದ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯುತ್ತದೆ, ಅದೂ ನಿಜ. ಕೂತಾಗಿನ ಸಮತೋಲ, ಬೆನ್ನು ನೇರ ಇಡುವುದು, ಇವುಗಳಲ್ಲಿ ನಿಧಾನಕ್ಕೆ ಸುಧಾರಣೆ ಕಾಣುತ್ತದೆ. ನಡಿಗೆ ಎಷ್ಟು ಸುಧಾರಿಸುತ್ತದೆ ಅನ್ನುವುದರಲ್ಲಿ ಅಧ್ಯಯನಗಳ ಫಲ ಒಂದೇ ಥರ ಬಂದಿಲ್ಲ. ಹಾಗಾಗಿ ಈಗ ನಡೆಯುತ್ತಿರುವ ಫಿಸಿಯೋಥೆರಪಿ, ಕಾಲಿನ ಸ್ಪ್ಲಿಂಟ್ ಯಾವುದನ್ನೂ ಬಿಡಬೇಡಿ.

ಮತ್ತೆ ಕುದುರೆ ಹತ್ತಿರ ಹೋಗುವ ಮೊದಲು ಒಂದು ಕೆಲಸ ಆಗಲೇಬೇಕು. ಸೊಂಟದ ಎಕ್ಸ್-ರೇ. ಕಾಲು ಬಿಗಿ ಇರುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ಸೊಂಟದ ಗೂಡಿನಿಂದ ಮೆಲ್ಲಗೆ ಹೊರಗೆ ಜಾರುವುದುಂಟು. ಶುರುವಿನಲ್ಲಿ ನೋವೇ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಸೊಂಟ ಇಟ್ಟುಕೊಂಡು ಕಾಲು ಅಗಲಿಸಿ ಕೂರಿಸಬಾರದು. ಒಂದು ವರ್ಷದೊಳಗಿನ ಎಕ್ಸ್-ರೇ ಇಲ್ಲದಿದ್ದರೆ ತೆಗೆಸಿ, ಮೂಳೆ ಡಾಕ್ಟರಿಗೆ ತೋರಿಸಿ, "ಕುದುರೆ ಮೇಲೆ ಕೂರಿಸಬಹುದಾ" ಅಂತ ನೇರವಾಗಿ ಕೇಳಿ. ಅವರು ನಕ್ಕರೂ ಪರವಾಗಿಲ್ಲ, ಕೇಳಿ. ಹತೋಟಿಗೆ ಬಾರದ ಫಿಟ್ಸ್, ಬೆನ್ನುಮೂಳೆ ಜಾಸ್ತಿ ಸೊಟ್ಟಗಾಗಿರುವುದು, ಇತ್ತೀಚಿನ ಆಪರೇಷನ್ ಇದ್ದರೂ ಬೇಡ. ಇದನ್ನು ಓದುವವರಲ್ಲಿ ಡೌನ್ ಸಿಂಡ್ರೋಮ್ ಮಕ್ಕಳ ಅಪ್ಪ ಅಮ್ಮ ಇದ್ದರೆ ಅವರಿಗೊಂದು ಮಾತು. ಆ ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲ ಇರಬಹುದು. ಡಾಕ್ಟರು ಕುತ್ತಿಗೆ ನೋಡಿ ಹೂಂ ಅಂದ ಮೇಲೇ ಮುಂದಿನ ಮಾತು.

ಈಗ ಆ ಹಾರ್ನ್ ದಿನದ ಕಥೆಗೆ ಬರೋಣ. ಕುದುರೆಯ ಕಣ್ಣು ತಲೆಯ ಎರಡೂ ಬದಿಗೆ ಇರುತ್ತವೆ. ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಮಾತ್ರ ಕುರುಡು. ಹಾರ್ನ್ ಬಂದಿದ್ದು ಆ ಹಿಂದಿನಿಂದಲೇ. ಅದು ಹಾರಿತು. ನಿಮ್ಮ ಮಗಳ ಮೈಯೂ ಅದೇ ಕ್ಷಣ ಸೆಟೆದಿರಬೇಕು. ಬೆಚ್ಚಿದಾಗ ಈ ಮಕ್ಕಳ ಬಿಗಿ ಒಮ್ಮೆಲೇ ಏರುತ್ತದೆ, ಎರಡೂ ತೊಡೆ ಇಕ್ಕಳದ ಹಾಗೆ ಒತ್ತುತ್ತವೆ. ಸವಾರಿ ಕಲಿತ ಕುದುರೆಗೆ ತೊಡೆ ಒತ್ತಿದರೆ "ಮುಂದೆ ಓಡು" ಅಂತ ಅರ್ಥ! ಹುಡುಗಿ ಹೆದರಿ ಹಿಡಿದಷ್ಟೂ ಕುದುರೆ ಓಡುತ್ತದೆ, ಓಡಿದಷ್ಟೂ ಅವಳು ಹಿಡಿಯುತ್ತಾಳೆ. ಅದಕ್ಕೇ ಇಂಥ ಮಕ್ಕಳಿಗೆ ಬೇಕಾದದ್ದು ಸವಾರನ ಕಾಲಿಗೆ ಕಿವುಡಾಗಿದ್ದು, ಮುಂದೆ ಹಗ್ಗ ಹಿಡಿದವರ ಮಾತು ಮಾತ್ರ ಕೇಳುವ ತಟ್ಟು.

ಅಪ್ಪ ಹಿಂದೆ ಕೂತಿದ್ದರು ಅಂತ ಬರೆದಿದ್ದೀರಿ. ಅದು ಪ್ರೀತಿಯಿಂದಲೇ ಆಗಿದ್ದು, ಒಪ್ಪುತ್ತೇನೆ. ಆದರೆ ಇನ್ನು ಮುಂದೆ ಬೇಡ. ಜೀನು, ಸವಾರ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಕುದುರೆಯವರ ರೂಢಿಯ ಲೆಕ್ಕ. 180 ಕೆಜಿಯ ತಟ್ಟು ಅಂದರೆ 36 ಕೆಜಿ. ಮಗಳೊಬ್ಬಳಾದರೆ ಸಲೀಸು. ಅಪ್ಪನೂ ಸೇರಿದರೆ ಅದರ ಬೆನ್ನು ಮುಗಿದ ಹಾಗೆ. ಬಿದ್ದರಂತೂ ಅಪ್ಪ ಬೀಳುವುದು ಮಗಳ ಮೇಲೆ.

ನಂಬಿಕಸ್ತ ತಟ್ಟು ಯಾವುದು? ನನಗೆ ಬರುವ ಕರೆಗಳಲ್ಲಿ ಜನ ಮೊದಲು ಕೇಳುವುದು ಜಾತಿ. ಮಾರ್ವಾಡಿಯಾ, ಕಾಠಿಯಾವಾಡಿಯಾ? ನಮ್ಮ ಕಡೆ ಕುರಿಗಾರರು ಊರೂರು ತಿರುಗುವಾಗ ಪಾತ್ರೆ, ಗುಡಾರ, ಕುರಿಮರಿ ಎಲ್ಲ ಹೇರಿಕೊಂಡು ಹೋಗುವ ಕುಳ್ಳ ದೇಸಿ ಕುದುರೆ ನೋಡಿದ್ದೀರಲ್ಲ, ಅದರ ಮೇಲೆ ಒಮ್ಮೊಮ್ಮೆ ಕೂಸೂ ಕೂತಿರುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಜಾತಿ ಬಿಡಿ. ಎಂಟು ಹತ್ತು ವರ್ಷ ದಾಟಿದ, ಬೀಜ ಒಡೆದ ಗಂಡು ಅಥವಾ ಸಾಧು ಹೆಣ್ಣು ಇರಲಿ. ಬೀಜದ ಗಂಡು ಎಷ್ಟೇ ಸಾಧು ಅಂದರೂ ಬೇಡ. ಎತ್ತರ ನಿಮ್ಮ ಎದೆಮಟ್ಟಕ್ಕಿಂತ ಕಡಿಮೆ ಇರಬೇಕು, ಅಂದರೆ ಪಕ್ಕದಲ್ಲಿ ನಡೆಯುವವರ ಕೈ ಮಗಳ ಸೊಂಟಕ್ಕೆ ಆರಾಮಾಗಿ ಸಿಗುತ್ತದೆ.

ಮದುವೆ ಕುದುರೆ ಅನ್ನುವುದೇ ನನಗೆ ಸ್ವಲ್ಪ ಯೋಚನೆ. ಬ್ಯಾಂಡು, ಪಟಾಕಿ ರೂಢಿಯಾಗಿರುತ್ತದೆ, ನಿಜ. ಆದರೆ ಕೆಲವಕ್ಕೆ ಡೊಳ್ಳು ಬಿದ್ದರೆ ಕುಣಿಯೋದು ಕಲಿಸಿರುತ್ತಾರೆ. ಗಣೇಶ ಚೌತಿಯಲ್ಲಿ ಪಕ್ಕದ ಓಣಿಯಲ್ಲಿ ಡೊಳ್ಳು ಬಾರಿಸಿದರೆ ನಿಮ್ಮ ಮಗಳು ಮೇಲಿರುವಾಗಲೂ ಅದು ಕುಣಿದೀತು. ಇನ್ನೊಂದು ಸೂಕ್ಷ್ಮ ಇದೆ. ಶಾಂತ ಕುದುರೆ ಬೇರೆ, ಸೋತು ಸುಮ್ಮನಾದ ಕುದುರೆ ಬೇರೆ. ಶಾಂತ ಇರುವುದು ಕಿವಿ ಆಡಿಸುತ್ತದೆ, ನೀವು ಬಂದರೆ ತಿರುಗಿ ನೋಡುತ್ತದೆ, ಒಂದು ಹಿಂಗಾಲು ಸಡಿಲ ಬಿಟ್ಟು ನಿಲ್ಲುತ್ತದೆ. ಸೋತಿದ್ದು ಗೋಡೆ ನೋಡುತ್ತಾ ನಿಂತಿರುತ್ತದೆ. ಕಣ್ಣಲ್ಲಿ ಏನೂ ಇರುವುದಿಲ್ಲ. ಅದನ್ನು ಜನ "ಭಾಳ ಶಾಣ್ಯಾ ಐತ್ರಿ, ಏನೂ ಮಾಡಂಗಿಲ್ಲ" ಅಂತಾರೆ. ಆದರೆ ನೋವು ನುಂಗಿಕೊಂಡ ಪ್ರಾಣಿ ಯಾವತ್ತೋ ಒಂದು ದಿನ ಉಗುಳುತ್ತದೆ. ಬೆನ್ನಿನ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಿ. ಬೆನ್ನು ಕುಗ್ಗಿಸಿದರೆ, ಬಾಲ ಬೀಸಿದರೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿದರೆ, ಬೆನ್ನು ನೋಯುತ್ತಿದೆ ಅಂತಲೇ ಅರ್ಥ. ಕುಂಟುವ ತಟ್ಟು ಬೇಡವೇ ಬೇಡ. ಅದರ ಸೊಟ್ಟ ನಡಿಗೆ ನೇರ ಮಗುವಿನ ಸೊಂಟಕ್ಕೆ ಹೋಗುತ್ತದೆ.

ಪರೀಕ್ಷೆ ಹೇಗೆ ಮಾಡೋದು ಅಂದರೆ, ಮಗಳನ್ನು ಮನೆಯಲ್ಲೇ ಬಿಟ್ಟು ನೀವು ಹೋಗಿ. ಮಗಳಷ್ಟೇ ತೂಕದ ಜೋಳದ ಚೀಲ ಒಂದನ್ನು ತಟ್ಟುವಿನ ಮೇಲೆ ಕಟ್ಟಿ, ಒಂದು ಬದಿಗೆ ವಾಲುವ ಹಾಗೆ ಸಡಿಲ ಬಿಡಿ. ನಡೆಸಿ. ಒಳ್ಳೆಯ ತಟ್ಟು ಭಾರ ಜಾರಿದ ಕೂಡಲೇ ನಿಧಾನವಾಗುತ್ತದೆ ಅಥವಾ ನಿಂತೇ ಬಿಡುತ್ತದೆ. ನಿಂತರೆ ಬೈಯಬಾರದು, ಬೆನ್ನು ತಟ್ಟಬೇಕು. ಆಮೇಲೆ ಪಕ್ಕದಲ್ಲಿ ಛತ್ರಿ ಬಿಚ್ಚಿ. ಪ್ಲಾಸ್ಟಿಕ್ ಚೀಲ ಪರಪರ ಅನ್ನಿಸಿ. ಸ್ಟೀಲ್ ತಟ್ಟೆ ಬೀಳಿಸಿ. ಮಗಳ ವಾಕರನ್ನು ಕಲ್ಲಿನ ಮೇಲೆ ಕಟಕಟ ಎಳೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ. ಕೊನೆಗೆ ದೂರದಿಂದ ಬೈಕ್ ಹಾರ್ನ್, ದಿನದಿಂದ ದಿನಕ್ಕೆ ಹತ್ತಿರ. ಬೆಚ್ಚುವುದೇ ಇಲ್ಲ ಅನ್ನುವ ಕುದುರೆ ಭೂಮಿ ಮೇಲಿಲ್ಲ. ನಿಂತಲ್ಲೇ ಬೆಚ್ಚಿ, ಮುಂದೆ ಹಗ್ಗ ಹಿಡಿದವರ ಮುಖ ನೋಡುವ ಕುದುರೆ ಸಾಕು. ಒಂದೇ ದಿನದಲ್ಲಿ ಎಲ್ಲ ಮುಗಿಸಬೇಡಿ, ಎರಡು ಮೂರು ವಾರ ಹಿಡಿಯಲಿ. ಈ ಪರೀಕ್ಷೆಯ ದಿನಗಳಿಗೂ ಮಾಲೀಕರಿಗೆ ಹಣ ಕೊಡಿ. ಅವರದ್ದೂ ಹೊಟ್ಟೆಪಾಡು. ಸವಾರಿಗೆ ಮಾತ್ರ ದುಡ್ಡು ಅಂದರೆ ಅವರಿಗೂ ಬೇಗ ಹತ್ತಿಸುವ ಆತುರ ಬರುತ್ತದೆ. ರಾತ್ರಿಯೆಲ್ಲ ಮೆರವಣಿಗೆ ಮಾಡಿ ಬಂದ ಬೆಳಗ್ಗೆ ತಟ್ಟುವನ್ನು ಮುಟ್ಟಬೇಡಿ.

ತಟ್ಟುವನ್ನು ಪಶುವೈದ್ಯರಿಗೆ ಒಮ್ಮೆ ತೋರಿಸಿ ಅಂತ ಮಾಲೀಕರಿಗೆ ಹೇಳಿ. ಗ್ಲ್ಯಾಂಡರ್ಸ್ ಅನ್ನೋ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಮಗಳ ಧನುರ್ವಾಯು ಲಸಿಕೆ ಬಾಕಿ ಇದ್ದರೆ ಹಾಕಿಸಿ, ಲದ್ದಿ ಬಿದ್ದ ಮಣ್ಣಿನಲ್ಲಿ ಅದರ ಸೂಕ್ಷ್ಮಜೀವಿ ಇರುತ್ತದೆ.

ಇಷ್ಟಾದ ಮೇಲೆ ಮಗಳ ಸರದಿ. ಮೊದಲ ಕೆಲವು ದಿನ ಹತ್ತುವ ಮಾತೇ ಎತ್ತಬೇಡಿ. ವಾಕರ್ ಹಿಡಿದೋ ಕುರ್ಚಿಯಲ್ಲಿ ಕೂತೋ ಅವಳು ತಟ್ಟುವಿನ ಹೆಗಲ ಹತ್ತಿರ ಇರಲಿ. ಬ್ರಷ್ ಕೊಡಿ, ಮೈ ಉಜ್ಜಲಿ. ಅಂಗೈ ಚಪ್ಪಟೆ ಮಾಡಿ ಗಜ್ಜರಿ ಕೊಡುವುದನ್ನು ಮಾಲೀಕರೇ ಕಲಿಸಲಿ. ಬೆರಳು ಬಿಡಿಸುವುದು ಕಷ್ಟವಾದರೆ ಸಣ್ಣ ಬುಟ್ಟಿಯಲ್ಲಿ ಹಿಡಿಯಲಿ. ಬಿಗಿದ ಮುಷ್ಟಿಯಿಂದ ಕೊಡಿಸಬೇಡಿ, ಕುದುರೆಗೆ ಬೆರಳೂ ಗಜ್ಜರಿಯೂ ಒಂದೇ.

ಆಮೇಲೆ ನಾನು ಎಲ್ಲಕ್ಕಿಂತ ಮುಖ್ಯ ಅನ್ನುವ ಪಾಠ. ಮಗಳು ನೆಲದ ಮೇಲೇ ಇರಲಿ. ಮಾಲೀಕರು ಹಗ್ಗ ಹಿಡಿದು ತಟ್ಟುವನ್ನು ನಡೆಸಲಿ. ಅವಳು "ನಿಂದ್ರು" ಅನ್ನಬೇಕು. ಅಂದ ಕೂಡಲೇ ಅದು ನಿಲ್ಲಬೇಕು. "ನಡಿ" ಅಂದರೆ ನಡೆಯಬೇಕು. ಮಾತು ತಡವಾಗುತ್ತೆ ಅಂದಿರಿ. ಹಾಗಾದರೆ ಕೈ ಎತ್ತಿದರೂ ಸಾಕು, ಇಲ್ಲವೇ ಅವಳ ಬಾಯಿಗೆ ಸುಲಭವಾಗಿ ಬರುವ ಯಾವ ಸದ್ದಾದರೂ ಆದೀತು. ನಿಜ ಹೇಳಬೇಕೆಂದರೆ ಶುರುವಿನಲ್ಲಿ ಕುದುರೆ ಕೇಳುವುದು ಮಾಲೀಕರ ಹಗ್ಗವನ್ನು, ಅವಳ ಮಾತನ್ನಲ್ಲ. ನಾಲ್ಕೈದು ದಿನಕ್ಕೆ ಅದೂ ಕಲಿಯುತ್ತದೆ.

ಧಾರವಾಡದಲ್ಲಿ ಒಬ್ಬ ಹುಡುಗನಿದ್ದ, ಒಂಬತ್ತು ವರ್ಷ. ಅವನು ಮೊದಲ ದಿನ ಮೇಲೆ ಕೂತು ಒಂದು ಸುತ್ತಿನಲ್ಲಿ ಹದಿನೇಳು ಸಲ "ನಿಂದ್ರು" ಅಂದ. ನಾನು ಎಣಿಸಿದ್ದೆ. ಹಗ್ಗ ಹಿಡಿದಿದ್ದ ಚಾಚಾ ಹದಿನೇಳು ಸಲವೂ ನಿಲ್ಲಿಸಿದರು. ಹತ್ತನೇ ಸಲದ ಹೊತ್ತಿಗೆ ಅವನಮ್ಮನಿಗೆ ನಾಚಿಕೆ. "ಸಾಕು ಬಿಡಪ್ಪಾ, ಪಾಪ ಕುದರಿ" ಅಂದರು. ನಾನು ಸುಮ್ಮನಿರಿ ಅಂತ ಕಣ್ಸನ್ನೆ ಮಾಡಿದೆ. ಅವನು ಆಟ ಆಡುತ್ತಿರಲಿಲ್ಲ, ಲೆಕ್ಕ ನೋಡುತ್ತಿದ್ದ. ಪಟ್ಟಿ ಹಿಡಿದ ಅವನ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಮುಂದಿನ ವಾರ ಆರು ಸಲ. ಅದರ ಮುಂದಿನ ವಾರ ಎರಡು. ಒಂದು ದಿನ ಇಡೀ ಸುತ್ತು ಬಾಯಿ ಬಿಡಲಿಲ್ಲ. ಒಂದು ಕೈ ಪಟ್ಟಿ ಬಿಟ್ಟು ತಟ್ಟುವಿನ ಜೂಲಿನಲ್ಲಿ ಸೇರಿಕೊಂಡಿತ್ತು. ಬೆರಳು ಬಿಡಿಸಿದ್ದು ಯಾವಾಗ ಅಂತ ನನಗೂ ಗೊತ್ತಾಗಲಿಲ್ಲ.

ಅದೇ ಹುಡುಗನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಆಗಸ್ಟ್ 15 ಹತ್ತಿರ ಬರುತ್ತಿತ್ತು. ಧ್ವಜ ಹಿಡಿದು ಸ್ವಲ್ಪ ಓಡಿಸಿದರೆ ಎಷ್ಟು ಚೆಂದ ಅಂತ ನನಗೇ ಆಸೆಯಾಯಿತು. ಅವನು "ನಿಂದ್ರು" ಅಂದ. "ಇನ್ನೊಂದು ಸ್ವಲ್ಪ, ಫೋಟೋ" ಅಂದೆ ನಾನು. ಕುಲುಕು ಓಟದಲ್ಲಿ ಜಾರಿದ. ಪಕ್ಕದವರು ಹಿಡಿದರು, ಗಾಯವೇನೂ ಆಗಲಿಲ್ಲ. ನಾಲ್ಕು ತಿಂಗಳು ಅವನು ಆ ಬಯಲಿಗೆ ಬರಲಿಲ್ಲ. ಕುದುರೆ ಮೇಲೆ ಅವನಿಗೆ ಏನೂ ಸಿಟ್ಟಿರಲಿಲ್ಲ. ನನ್ನ ಮೇಲಿತ್ತು. ಅದಕ್ಕೇ ಹೇಳುತ್ತೇನೆ, ಅವಳು ನಿಂದ್ರು ಅಂದಾಗ ಯಾರೂ "ಇನ್ನೊಂದು ಸ್ವಲ್ಪ" ಅನ್ನಬಾರದು. ನೀವೂ, ನಿಮ್ಮ ಯಜಮಾನರೂ, ವಿಡಿಯೋ ಮಾಡುವ ಮಾವನೂ.

ಹತ್ತಿಸುವ ದಿನಕ್ಕೆ ಊರಿನ ಕಟ್ಟೆ ಒಳ್ಳೆಯದು. ತಟ್ಟುವನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ. ಬಿಗಿ ತೊಡೆಯ ಮಗುವಿನ ಕಾಲನ್ನು ಹಿಂದಿನಿಂದ ಬೀಸಿ ದಾಟಿಸಲು ಹೋಗಬೇಡಿ. ಮೊದಲು ಒಂದು ಬದಿಗೆ ಕೂರಿಸಿ, ಬೆನ್ನಿಗೆ ಒಬ್ಬರು ಆನಿಕೆ ಕೊಟ್ಟು, ಮಂಡಿ ಮಡಚಿದ ಕಾಲನ್ನು ಕುದುರೆಯ ಕುತ್ತಿಗೆಯ ಮೇಲಿನಿಂದ ಮೆಲ್ಲಗೆ ಆ ಕಡೆ ತನ್ನಿ. ಸೆಟೆದರೆ ನಿಲ್ಲಿಸಿ, ಅವಳು ಉಸಿರು ಬಿಡುವವರೆಗೆ ಕಾಯಿರಿ. ಶುರುವಿಗೆ ಗಟ್ಟಿ ಜೀನು ಬೇಡ. ದಪ್ಪ ಕಂಬಳಿ ಮಡಚಿ ಹಾಕಿ, ಚುಚ್ಚದ ಹಾಗೆ ಮೇಲೊಂದು ಹತ್ತಿ ಬಟ್ಟೆ, ಅದರ ಮೇಲೆ ಹಿಡಿ ಇರುವ ಹೊಟ್ಟೆಪಟ್ಟಿ. ಕುದುರೆಯ ಬಿಸುಪು, ನಡಿಗೆ ಎರಡೂ ನೇರ ಸಿಗುತ್ತವೆ. ರಿಕಾಪಿಗೆ, ಅಂದರೆ ಪಾದ ಇಡುವ ಬಳೆಗೆ, ಈಗಲೇ ಕಾಲು ಹಾಕಿಸಬೇಡಿ. ಬಿದ್ದಾಗ ಪಾದ ಸಿಕ್ಕಿಕೊಳ್ಳುವುದೇ ದೊಡ್ಡ ಅಪಾಯ. ಇದೇ ಕಾರಣಕ್ಕೆ ದುಪ್ಪಟ್ಟಾ, ಬೆಲ್ಟು ಯಾವುದರಿಂದಲೂ ಮಗಳನ್ನು ಕುದುರೆಗೆ ಕಟ್ಟಬೇಡಿ, ಎಷ್ಟೇ ಧೈರ್ಯ ಅನ್ನಿಸಿದರೂ.

ಮೂರು ಜನ ಬೇಕು. ಮುಂದೆ ಹಗ್ಗ ಹಿಡಿಯುವವರು ಒಬ್ಬರು, ಹಗ್ಗ ಕೈಗೆ ಸುತ್ತಿಕೊಳ್ಳದೆ. ಎರಡೂ ಪಕ್ಕ ಒಬ್ಬೊಬ್ಬರು, ಮಗಳ ತೊಡೆಯ ಮೇಲೆ ಮುಂಗೈ ಹಾಸಿ ಹೊಟ್ಟೆಪಟ್ಟಿ ಹಿಡಿದು ನಡೆಯಬೇಕು. ಸ್ಕೂಟರ್ ಹೆಲ್ಮೆಟ್ ಬೇಡ. ಅದರ ಭಾರಕ್ಕೆ ಕುತ್ತಿಗೆ ವಾಲುತ್ತದೆ, ಕಿವಿಯೂ ಮುಚ್ಚುತ್ತದೆ. ಸವಾರಿಯ ಹೆಲ್ಮೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತಲೆ ಸುತ್ತಳತೆ ಅಳೆದು ತರಿಸಿ.

ಮೊದಲ ದಿನ ಸುಮ್ನೆ ಕೂರುವುದು, ಇಳಿಯುವುದು. ಒಂದು ನಿಮಿಷ ಸಾಕು. ಆಮೇಲೆ ಹತ್ತು ಹೆಜ್ಜೆ. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ವಾರಕ್ಕೆ ಒಂದೋ ಎರಡೋ ಸಲ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ಜಾಗ ಮಾತ್ರ ನೋಡಿ ಆರಿಸಿ. ಎರೆ ಹೊಲ ಮೆತ್ತಗಿದೆ ಅಂತ ಹೋಗಬೇಡಿ. ಮಳೆಯಲ್ಲಿ ಗೊರಸು ಹೂಳುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕುತ್ತದೆ. ಕೆಂಪು ಮಣ್ಣಿನ ಶಾಲೆ ಬಯಲು, ರಸ್ತೆಯಿಂದ ದೂರ, ಬೀದಿನಾಯಿ ಇಲ್ಲದ್ದು ಸಿಕ್ಕರೆ ಪುಣ್ಯ.

ನಿಮ್ಮ ಅತ್ತೆಯವರ ಮಾತಿಗೆ ಬೇಜಾರಾಗಬೇಡಿ. ಎರಡನೇ ದಿನ ನಡೆದಿದ್ದನ್ನು ಕೇಳಿದರೆ ನಾನೂ ಬೇಡ ಅನ್ನುತ್ತಿದ್ದೆ. ಜೋಳದ ಚೀಲದ ಪರೀಕ್ಷೆಗೆ ಅವರನ್ನೂ ಕರೆದುಕೊಂಡು ಹೋಗಿ. ಅವರು ಒಪ್ಪದ ಕುದುರೆ ಬೇಡ ಅಂತ ಹೇಳಿಬಿಡಿ. ಹಳ್ಳಿಯ ಹಿರಿಯರಿಗೆ ದನದ ಕಣ್ಣು ನೋಡಿ ಸ್ವಭಾವ ಹೇಳುವ ಕಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಅನುಭವದಲ್ಲಿ ಮೊದಲು ಬೇಡ ಅಂದ ಅಜ್ಜಿಯೇ ಆಮೇಲೆ ಗಜ್ಜರಿ ಹೆಚ್ಚಿಕೊಡುತ್ತಾಳೆ.

ಮಗಳಿಗೆ ಹೇಳಲು ಒಂದು ನಿಜ ಕಥೆಯೂ ಇದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅನ್ನುವವರಿಗೆ 1944ರಲ್ಲಿ ಪೋಲಿಯೋ ಬಂದು ಮಂಡಿಯ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರು ಎತ್ತಬೇಕಿತ್ತು. ಅವರ ಕುದುರೆಯ ಹೆಸರು ಜುಬಿಲಿ. ಅದರ ಜೊತೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದರು, 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಸವಾರಿ ಕಾಯಂ ಆದದ್ದು 1996ರಿಂದ. ಪದಕದ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಹತ್ತಿಸಲು ಇನ್ನೊಬ್ಬರು ಬೇಕು ಅನ್ನುವುದು ಸವಾರಳಲ್ಲ ಅನ್ನುವುದಕ್ಕೆ ಕಾರಣ ಅಲ್ಲ ಅಂತ ಅವಳಿಗೆ ಗೊತ್ತಿರಲಿ.

ಹತ್ತದೆಯೇ ಎರಡು ತಿಂಗಳು ಕಳೆದರೂ ಅವಸರ ಬೇಡ. ಬ್ರಷ್ ಹಿಡಿದು ಕೈ ಎತ್ತಿ ಕುದುರೆ ಮೈ ಉಜ್ಜುವುದು, ವಾಕರ್ ಬಿಟ್ಟು ಅದರ ಹೆಗಲಿಗೆ ಒರಗಿ ಅರೆ ನಿಮಿಷ ನಿಲ್ಲುವುದು, ಇದೂ ನನ್ನ ಲೆಕ್ಕದಲ್ಲಿ ವ್ಯಾಯಾಮವೇ. ಆಗ ಇನ್ನೊಬ್ಬರು ಅವಳ ಹಿಂದೆಯೇ ನಿಂತಿರಲಿ, ತಟ್ಟುವಿನ ಹಗ್ಗ ಮಾಲೀಕರ ಕೈಲಿರಲಿ.

ಎಕ್ಸ್-ರೇ ಆದ ಮೇಲೆ ಮತ್ತೆ ಬರೆಯಿರಿ. ಬರೆಯುವಾಗ ತಟ್ಟುವಿನ ಎತ್ತರ ಎಷ್ಟು ಇಂಚು, ನಿಮ್ಮೂರ ಕಟ್ಟೆ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆದು ತಿಳಿಸಿ. ತಟ್ಟುವಿನ ಎತ್ತರವನ್ನು ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಗುಬ್ಬಿನಿಂದ ನೆಲಕ್ಕೆ ಅಳೆಯಬೇಕು, ತಲೆಯಿಂದಲ್ಲ. ಕಟ್ಟೆಯ ಮೇಲೆ ಮಣೆ ಇಡಬೇಕೋ ಬೇಡವೋ ಅದನ್ನು ನೋಡಿ ಹೇಳುತ್ತೇನೆ.